ಬಿಳಿಯ ಮೀಸೆಮೀನಿನ ಸಂತಾನಪಾಲನೆ: ಮನೆಯಲ್ಲಿ ಕಲಿಯತಕ್ಕ ಒಂದು ಪಾಠ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ವಿಜ್ಞಾನದ ಕೋಣೆಯ ಮೂಲೆಯಲ್ಲಿದ್ದ ಗಾಜಿನ ತೊಟ್ಟಿಯನ್ನು ಮರೆತಿರಲಾರರು. ಅದರ ತಳದ ಮರಳಿನಲ್ಲಿ ಮೂಗೂರಿಕೊಂಡು ಸದಾ ಏನನ್ನೋ ಹುಡುಕುತ್ತಿದ್ದ, ಕೆಂಪು ಕಣ್ಣಿನ, ನಸುಗೆಂಪು ಮೈಯ ಸಣ್ಣ ಮೀನುಗಳನ್ನು ಕಂಡು, "ಇವು ರೋಗದಿಂದ ಬಿಳುಪೇರಿವೆಯೋ?" ಎಂದು ಕೇಳದ ಹುಡುಗಿಯೇ ಇರಲಿಲ್ಲ. ಆ ಪ್ರಶ್ನೆಗೆ ತಕ್ಕ ಉತ್ತರವನ್ನು ಆಗ ಅವಸರದಲ್ಲಿ ಹೇಳಿ ಮುಗಿಸಿದ್ದುಂಟು. ಈ ಸ್ಮರಣಸಂಚಿಕೆಯ ನಿಮಿತ್ತದಿಂದ ಅದನ್ನು ಕ್ರಮವಾಗಿ ಬರೆಯಲು ಅವಕಾಶ ದೊರೆತಿದೆ. ಮೀನನ್ನು ಸಾಕಿ ಅದರ ಮರಿಗಳನ್ನು ಬೆಳೆಸುವ ವಿಧಾನವನ್ನು ತಿಳಿಸುವದು ಈ ಲೇಖನದ ಮೊದಲನೆಯ ಉದ್ದೇಶವು. ಎರಡನೆಯ ಉದ್ದೇಶವೊಂದುಂಟು, ಅದು ಓದುತ್ತ ಹೋದಂತೆ ತಾನಾಗಿಯೇ ತಿಳಿದುಬರುವದು.

ಕೆಲವು ವರುಷಗಳ ಹಿಂದೆ ಎಂಟನೆಯ ಇಯತ್ತೆಗೆ ಒಬ್ಬ ಹುಡುಗಿಯು ಬಂದು ಸೇರಿದಳು. ಅವಳ ಕೂದಲು ಪುಂಡಿಯ ನಾರಿನಂತೆ ಬೆಳ್ಳಗೆ, ಮೈಬಣ್ಣವೂ ಹಾಗೆಯೇ. ಬಿಸಿಲಿಗೆ ಬಂದರೆ ಕಣ್ಣು ತೆರೆಯಲಾರಳು. ಹಿಂದಿನ ಸಾಲಿನಲ್ಲಿ ಕುಳಿತರೆ ಕಪ್ಪುಹಲಗೆಯ ಅಕ್ಷರ ಕಾಣಲಾರಳು. ಅವಳನ್ನು ಶಾಲೆಗೆ ಸೇರಿಸಲು ಬಂದ ತಾಯಿಯು ಎಲ್ಲರೂ ಹೊರಗೆ ಹೋಗುವ ತನಕ ಕಾದಿದ್ದು, ಮೆಲ್ಲಗೆ, "ಬಾಯಾರ, ನಾ ಮಾಡಿದ ಪಾಪಕ್ಕ ಈ ಕೂಸು ಹಿಂಗ ಹುಟ್ಟ್ಯಾದ ಅಂತಾರ. ಹೌದೇನ್ರಿ?" ಎಂದು ಕೇಳಿದಳು. ನಾನು ಅಲ್ಲವೆಂದೆನು. ಆದರೆ ಬರಿಯ "ಅಲ್ಲ" ಎಂಬ ಮಾತಿನಿಂದ ಹದಿಮೂರು ವರುಷದ ಅಳಲು ಹೋಗುವದೇ? ಕಣ್ಣಿಗೆ ಕಾಣುವ ಪ್ರಮಾಣ ಬೇಕಾಗಿತ್ತು. ಆ ಪ್ರಮಾಣವನ್ನು ಕೊಟ್ಟದ್ದು ಈ ಮೀನುಗಳೇ.

೧. ಮೀನಿನ ಪರಿಚಯ

ಮೀಸೆಮೀನುಗಳ ಕುಲವು ಬಹು ದೊಡ್ಡದು. ನಮ್ಮ ಭೀಮಾ, ಕಾಗಿಣಾ ನದಿಗಳಲ್ಲಿ ಬಲೆಗೆ ಬೀಳುವ ಮೀಸೆಮೀನುಗಳನ್ನು ಎಲ್ಲರೂ ಬಲ್ಲರು. ನಾವು ಹೇಳುತ್ತಿರುವದು ಅವುಗಳ ದೂರದ ನಂಟ. ಅದರ ಮೂಲಸ್ಥಾನವು ದಕ್ಷಿಣ ಅಮೇರಿಕವೂ ಅದರ ಬದಿಯ ಟ್ರಿನಿಡಾಡ್ ದ್ವೀಪವೂ ಆಗಿವೆ. ಗಿಲ್ ಎಂಬ ಅಮೇರಿಕದ ಪಂಡಿತನು ೧೮೫೮ರಲ್ಲಿ ಟ್ರಿನಿಡಾಡಿನ ಮೀನನ್ನು ನೋಡಿ ಅದನ್ನು ವರ್ಣಿಸಿದನು. ಬಹುಕಾಲ ಅದಕ್ಕೆ ಕೊರಿಡೋರಸ್ ಈನಿಯಸ್ ಎಂಬ ಹೆಸರು ನಡೆದುಬಂದಿತು. ಗ್ರೀಕ್ ಭಾಷೆಯಲ್ಲಿ 'ಕೊರಿಸ್' ಎಂದರೆ ಶಿರಸ್ತ್ರಾಣ, 'ಡೊರಾ' ಎಂದರೆ ತೊಗಲು; ಲ್ಯಾಟಿನಿನಲ್ಲಿ 'ಈನಿಯಸ್' ಎಂದರೆ ಕಂಚಿನದು. ೨೦೨೪ರಲ್ಲಿ ಪಂಡಿತರು ಈ ಗಣವನ್ನು ವಿಭಾಗಿಸಿ ಈ ಮೀನಿಗೆ ಆಸ್ಟಿಯೋಗ್ಯಾಸ್ಟರ್ ಈನಿಯಾ ಎಂದು ಹೆಸರಿಟ್ಟಿರುವರು. ಅಂಗಡಿಯವರು ಮಾತ್ರ ಇನ್ನೂ 'ಕೋರಿ' ಎಂದೇ ಕರೆಯುತ್ತಾರೆ. ಬಿಳಿಯ ಜಾತಿಗೆ 'ಆಲ್ಬಿನೋ ಕೋರಿ' ಎನ್ನುತ್ತಾರೆ. ಇದರ ಬಂಧುವಾದ ಚುಕ್ಕೆಯ ಕೋರಿಯನ್ನು ಚಾರ್ಲ್ಸ್ ಡಾರ್ವಿನನು ಬೀಗಲ್ ಹಡಗಿನ ಯಾತ್ರೆಯಲ್ಲಿ ಸಂಗ್ರಹಿಸಿದ್ದನು. ಜೆನಿನ್ಸ್ ಎಂಬವನು ೧೮೪೨ರಲ್ಲಿ ಅದನ್ನು ವರ್ಣಿಸಿದನು.

ಪೂರ್ಣ ಬೆಳೆದ ಮೀನು ಆರೇಳು ಸೆಂಟಿಮೀಟರಿಗೆ ಮೀರುವದಿಲ್ಲ. ಅದರ ಮೈಮೇಲೆ ಹುರುಪೆಯಿಲ್ಲ. ಅದಕ್ಕೆ ಬದಲಾಗಿ ಎರಡೂ ಪಕ್ಕಗಳಲ್ಲಿ ಎರಡೆರಡು ಸಾಲು ಎಲುಬಿನ ಫಲಕಗಳು ಮನೆಯ ಹಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಬಾಯಿಯ ಬಳಿ ಮೃದುವಾದ ಮೀಸೆಗಳಿವೆ. ಇವುಗಳಿಂದ ಮೀನು ಮರಳನ್ನು ತಡವಿ ಆಹಾರವನ್ನು ಕಂಡುಕೊಳ್ಳುತ್ತದೆ. ಎದೆಯ ರೆಕ್ಕೆಗಳ ಮತ್ತು ಬೆನ್ನಿನ ರೆಕ್ಕೆಯ ಮುಂದೆ ಗಟ್ಟಿ ಮುಳ್ಳುಗಳಿವೆ. ಹೆದರಿದಾಗ ಅವುಗಳನ್ನು ನೆಟ್ಟಗೆ ನಿಲ್ಲಿಸಿ ಬಿಗಿದುಕೊಳ್ಳುತ್ತದೆ. ಆದಕಾರಣ ಸಣ್ಣ ಕಣ್ಣಿನ ಬಲೆಯಿಂದ ಹಿಡಿದರೆ ಮುಳ್ಳು ಸಿಕ್ಕಿಕೊಂಡು ಮೀನಿಗೆ ಗಾಯವಾಗುವದು. ಬಟ್ಟಲಿನಿಂದ ನೀರು ಸಹಿತ ಎತ್ತುವದೇ ಲೇಸು.

ನಡುನಡುವೆ ಇದು ಬಾಣದಂತೆ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿಯನ್ನು ನುಂಗಿ ತಳಕ್ಕಿಳಿಯುತ್ತದೆ. ಹೊಸಬರು ಇದನ್ನು ಕಂಡು ಗಾಬರಿಯಾಗುವದುಂಟು. ಗಾಬರಿಗೆ ಕಾರಣವಿಲ್ಲ. ಇದರ ಕರುಳಿನ ಹಿಂಭಾಗವು ನುಂಗಿದ ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಳ್ಳಬಲ್ಲದು. ಆದರೆ ಎಲ್ಲ ಮೀನುಗಳೂ ಮೇಲಿಂದ ಮೇಲೆ ಹೀಗೆ ಮಾಡಹತ್ತಿದರೆ ನೀರು ಕೆಟ್ಟಿದೆಯೆಂದೋ ಕಾದಿದೆಯೆಂದೋ ತಿಳಿಯತಕ್ಕದ್ದು.

೨. ಬಿಳುಪಿನ ಕಾರಣ

ಈ ಮೀನಿನ ಸಹಜ ಬಣ್ಣವು ಕಂಚಿನದು. ನಮ್ಮ ಕೂದಲಿಗೂ ತೊಗಲಿಗೂ ಕಣ್ಣಿನ ಪಾಪೆಗೂ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವೇ ಮೀನಿನ ಮೈಯಲ್ಲಿಯೂ ಇದೆ. ಅದನ್ನು ತಯಾರಿಸುವ ಸಾಮರ್ಥ್ಯವು ಹುಟ್ಟಿನಿಂದಲೇ ಇಲ್ಲದಿದ್ದರೆ ಮೀನು ಬಿಳಿಯದಾಗುತ್ತದೆ. ಕಣ್ಣು ಕೆಂಪಗೆ ಕಾಣುವದು ಯಾಕಂದರೆ, ಬಣ್ಣದ ಪರದೆ ಇಲ್ಲದ್ದರಿಂದ ಒಳಗಿನ ರಕ್ತನಾಳಗಳ ಕೆಂಪು ಹೊರಗೆ ತೋರುತ್ತದೆ. ಇದು ರೋಗವಲ್ಲ, ಅಂಟುವಂಥದಲ್ಲ, ಆಹಾರದ ಕೊರತೆಯಿಂದ ಬಂದದ್ದಲ್ಲ. ಬಿಳಿಯ ಮೀನು ಕಂಚಿನ ಮೀನಿನಷ್ಟೇ ಚೆನ್ನಾಗಿ ತಿನ್ನುತ್ತದೆ, ಬೆಳೆಯುತ್ತದೆ, ತತ್ತಿ ಇಡುತ್ತದೆ. ಒಳ್ಳೆಯ ಪಾಲನೆಯಲ್ಲಿ ಹತ್ತು ವರುಷ ಬದುಕಬಲ್ಲದು. ಅದಕ್ಕೆ ಬೇಕಾದ ವಿಶೇಷ ಅನುಕೂಲ ಒಂದೇ: ತೊಟ್ಟಿಯ ಮೇಲೆ ತೀಕ್ಷ್ಣವಾದ ಬೆಳಕು ಬೀಳದಿರಬೇಕು.

೩. ನಮ್ಮ ಸೀಮೆಯ ನೀರು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನೆಲದ ಕೆಳಗೆ ಸುಣ್ಣಕಲ್ಲಿನ ಹಾಸುಂಟು. ನಮ್ಮ ಮನೆಗಳ ಅಂಗಳಕ್ಕೆ ಹಾಸುವ ಶಹಾಬಾದ ಕಲ್ಲು ಅದೇ. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಕಾರಖಾನೆಗಳು ನೆಲೆಗೊಂಡದ್ದೂ ಅದರ ಸಲುವಾಗಿಯೇ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಅನಿಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗಿ ಕೆಳಗಿಳಿಯುತ್ತದೆ. ಇಳಿಯುವಾಗ ಸುಣ್ಣಕಲ್ಲನ್ನು ಅಷ್ಟಷ್ಟಾಗಿ ಕರಗಿಸುತ್ತದೆ. ಹೀಗೆ ಬಾವಿಯ ಮತ್ತು ಕೊಳವೆಬಾವಿಯ ನೀರು ಗಡಸಾಗುವದು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಗರಣೆಯೂ, ಸಾಬೂನು ನೊರೆಯಾಗದಿರುವದೂ ಇದರ ಗುರುತುಗಳು.

ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಕೋರಿಮೀನು ಮಧ್ಯಮ ಗಡಸು ನೀರನ್ನು ಸಹಿಸಿಕೊಂಡು ಬಾಳುತ್ತದೆ. ಆದರೆ ತತ್ತಿ ಇಡಲಿಕ್ಕೂ ತತ್ತಿ ಒಡೆಯಲಿಕ್ಕೂ ಮೆದುವಾದ ನೀರೇ ಉತ್ತಮವು. ಅದಕ್ಕೆ ಹಣ ಖರ್ಚು ಮಾಡಬೇಕಾಗಿಲ್ಲ. ಮಳೆಗಾಲದಲ್ಲಿ ಮಾಳಿಗೆಯ ಮೊದಲನೆಯ ಎರಡು ಮೂರು ಮಳೆಯ ನೀರನ್ನು ಹರಿಯಬಿಟ್ಟು, ಧೂಳು ತೊಳೆದುಹೋದ ಮೇಲೆ ಬೀಳುವ ನೀರನ್ನು ಶುಚಿಯಾದ ಹಂಡೆಯಲ್ಲಿ ಹಿಡಿದು ಮುಚ್ಚಿಡಬೇಕು. ಸಿಮೆಂಟಿನ ಧೂಳು ಬೀಳುವ ಊರಲ್ಲಿ ಈ ಎಚ್ಚರಿಕೆ ಹೆಚ್ಚು ಬೇಕು. ಬಾವಿಯ ನೀರು ಅರ್ಧ, ಮಳೆಯ ನೀರು ಅರ್ಧ ಕೂಡಿಸಿದರೆ ಸಾಕು. ಬರಿಯ ಮಳೆನೀರನ್ನೇ ತುಂಬಬಾರದು. ಅದರಲ್ಲಿ ಲವಣಗಳು ಇಲ್ಲದ್ದರಿಂದ ನೀರಿನ ಗುಣವು ಬೇಗನೆ ಏರುಪೇರಾಗುವದು.

ನಳದ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು. ಇಲ್ಲವೆ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟಿನ ದ್ರಾವಣವನ್ನು ಹೇಳಿದ ಪ್ರಮಾಣದಲ್ಲಿ ಹಾಕಬೇಕು.

೪. ತೊಟ್ಟಿಯ ಸಿದ್ಧತೆ

ಆರು ಮೀನುಗಳಿಗೆ ಅರುವತ್ತು ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿ ಇರಲಿ. ಈ ಮೀನು ಗುಂಪಿನ ಪ್ರಾಣಿ. ಒಂಟಿಯಾಗಿ ಇಟ್ಟರೆ ಮೂಲೆ ಹಿಡಿದು ಕೊರಗುವದು. ತಳಕ್ಕೆ ನುಣುಪಾದ ಸಣ್ಣ ಮರಳನ್ನು, ನೀರು ತಿಳಿಯಾಗುವ ತನಕ ತೊಳೆದು, ಎರಡು ಬೆರಳು ದಪ್ಪ ಹರಡಬೇಕು. ಚೂಪಾದ ಕಲ್ಲಿನ ಚೂರುಗಳು ಮೀಸೆಯನ್ನು ಸವೆಸುತ್ತವೆ. ಶಹಾಬಾದ ಕಲ್ಲಿನ ಚೂರುಗಳನ್ನು ಅಲಂಕಾರಕ್ಕಾಗಿ ಹಾಕಲೇಬಾರದು; ಅವು ನೀರಿನ ಗಡಸನ್ನು ಇನ್ನೂ ಹೆಚ್ಚಿಸುವವು. ಕಲ್ಲಿನ ಮೇಲೆ ಒಂದು ಹನಿ ಲಿಂಬೆಯ ರಸ ಬಿಟ್ಟಾಗ ನೊರೆಯೆದ್ದರೆ ಅದು ಸುಣ್ಣಕಲ್ಲೆಂದು ತಿಳಿಯಬೇಕು.

ಏರ್ ಪಂಪಿಗೆ ಜೋಡಿಸಿದ ಸ್ಪಂಜಿನ ಶೋಧಕವು ಈ ಕೆಲಸಕ್ಕೆ ಎಲ್ಲಕ್ಕಿಂತ ಉತ್ತಮವು. ಮೀನಿನ ಮಲಮೂತ್ರದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಎಂಬ ವಿಷವು ಹುಟ್ಟುತ್ತದೆ. ಸ್ಪಂಜಿನಲ್ಲಿ ಮನೆಮಾಡುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿಯೂ ಆಮೇಲೆ ಕಡಿಮೆ ಅಪಾಯದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳು ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಆದದರಿಂದ ತೊಟ್ಟಿ ತಂದ ದಿನವೇ ಮೀನು ತರುವದು ತಪ್ಪು. ಸ್ಪಂಜನ್ನು ನಳದ ಕೆಳಗೆ ತೊಳೆದರೆ ಕ್ಲೋರಿನಿನಿಂದ ಈ ಜೀವಿಗಳು ಸಾಯುವವು. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ ತೊಳೆಯತಕ್ಕದ್ದು.

ಉಷ್ಣತೆಯು ೨೨ರಿಂದ ೨೬ ಡಿಗ್ರಿ ಸೆಲ್ಸಿಯಸ್ ಇರುವದು ಹಿತಕರ. ನಮ್ಮ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗಿನ ಬಿಸಿಲು ೪೦ ಡಿಗ್ರಿಯನ್ನು ದಾಟುವದು. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕವು ಕಡಿಮೆಯಾಗುವದು. ತೊಟ್ಟಿಯನ್ನು ಮನೆಯ ತಂಪಾದ ಒಳಕೋಣೆಯಲ್ಲಿ ನೆಲದ ಸಮೀಪದಲ್ಲಿಟ್ಟು, ಮೇಲಿನ ಗಾಜು ತೆಗೆದು ಜಾಳಿಗೆ ಹೊದಿಸಿ, ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತೆ ಮಾಡಿದರೆ ನೀರು ಆರಿ ತಂಪಾಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವ ನಿಯಮವೇ ಇಲ್ಲಿಯೂ ಕೆಲಸ ಮಾಡುವದು. ಆರಿದಷ್ಟು ನೀರನ್ನು ಮಳೆನೀರಿನಿಂದ ತುಂಬಬೇಕು. ಯಾಕಂದರೆ ಆರುವದು ನೀರು ಮಾತ್ರ, ಸುಣ್ಣವು ಹಿಂದೆಯೇ ಉಳಿಯುವದು. ಕರೆಂಟು ಹೋದಾಗ ಬಟ್ಟಲಿನಿಂದ ನೀರನ್ನು ಎತ್ತಿ ಎತ್ತಿ ಹೊಯ್ದರೂ ಸ್ವಲ್ಪ ಗಾಳಿ ಸೇರುವದು.

೫. ಗಂಡುಹೆಣ್ಣುಗಳ ಗುರುತು, ಆಹಾರ

ತೊಟ್ಟಿಯನ್ನು ಮೇಲಿನಿಂದ ನೋಡಿದರೆ ಹೆಣ್ಣು ಅಗಲವಾಗಿಯೂ ದೊಡ್ಡದಾಗಿಯೂ ಕಾಣುವದು. ಗಂಡು ತೆಳ್ಳಗೆ, ಸಣ್ಣಗೆ ಇರುವದು. ಒಂದು ಹೆಣ್ಣಿಗೆ ಎರಡು ಗಂಡುಗಳಿದ್ದರೆ ಅನುಕೂಲವು. ಮೀನಿಗೆ ಸುಮಾರು ಒಂದು ವರುಷ ತುಂಬಿದ ಮೇಲೆ ಸಂತಾನದ ಯೋಗ್ಯತೆ ಬರುವದು.

ಎರಡು ಮೂರು ವಾರ ಪುಷ್ಟಿಕರವಾದ ಆಹಾರವನ್ನು ಕೊಡಬೇಕು. ಒಣ ಗುಳಿಗೆಯ ಸಂಗಡ, ಮಣ್ಣಿನ ಎರೆಹುಳವನ್ನು ಚೆನ್ನಾಗಿ ತೊಳೆದು ಸಣ್ಣಗೆ ಕತ್ತರಿಸಿ ಹಾಕಿದರೆ ಹೆಣ್ಣಿನ ಹೊಟ್ಟೆ ಬೇಗನೆ ತುಂಬಿಕೊಳ್ಳುವದು. ಸೊಳ್ಳೆಯ ಮರಿಹುಳಗಳು ಇದಕ್ಕೆ ಪ್ರಿಯವಾದರೂ, ಅವುಗಳಿಗಾಗಿ ನೀರನ್ನು ತೆರೆದಿಡುವದು ಡೆಂಗ್ಯೂ ಜ್ವರವನ್ನು ಮನೆಗೆ ಕರೆದಂತೆ. ಮೀನಿನ ಹಿತಕ್ಕಾಗಿ ಮಕ್ಕಳನ್ನು ಅಪಾಯಕ್ಕೆ ಗುರಿಮಾಡಬಾರದು.

೬. ತತ್ತಿ ಇಡುವ ಕ್ರಮ

ಈ ಮೀನಿಗೆ ತನ್ನ ನಾಡಿನಲ್ಲಿ ಮಳೆಗಾಲವೇ ಸಂತಾನದ ಕಾಲವು. ಮಳೆ ಬಂದಿತೆಂಬ ಭಾವನೆಯನ್ನು ತೊಟ್ಟಿಯಲ್ಲಿಯೂ ಹುಟ್ಟಿಸಬೇಕು. ಅದು ಹೇಗೆಂದರೆ: ಸಂಜೆಯಲ್ಲಿ ತೊಟ್ಟಿಯ ಮೂರನೆಯ ಒಂದು ಪಾಲು ನೀರನ್ನು ತೆಗೆದು, ಅದಕ್ಕಿಂತ ಮೂರು ನಾಲ್ಕು ಡಿಗ್ರಿ ತಂಪಾದ ಮಳೆನೀರನ್ನು ಮೆಲ್ಲಗೆ ಹನಿಹನಿಯಾಗಿ ಸುರಿಸುವದು. ಬೇಕಾದರೆ ಮರುದಿನವೂ ಹೀಗೆಯೇ ಮಾಡುವದು. ಹೊರಗೆ ನಿಜವಾದ ಮಳೆಯ ಮೋಡ ಕವಿದ ದಿನವನ್ನು ಆರಿಸಿಕೊಂಡರೆ ಫಲವು ಹೆಚ್ಚು ಖಾತ್ರಿ. ನಮ್ಮಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಇದಕ್ಕೆ ಒಳ್ಳೆಯ ಕಾಲವು.

ಗಂಡುಗಳು ಹೆಣ್ಣಿನ ಹಿಂದೆ ಗಾಜಿನ ಗುಂಟ ಮೇಲೆ ಕೆಳಗೆ ಓಡಾಡುವವು. ಕೊನೆಗೆ ಹೆಣ್ಣು ಗಂಡಿನ ಪಕ್ಕಕ್ಕೆ ಬಾಯಿಟ್ಟು ನಿಲ್ಲುವದು. ಆಗ ಎರಡರ ಆಕಾರವೂ ಕೂಡಿ ಇಂಗ್ಲಿಷಿನ 'ಟೀ' ಅಕ್ಷರದಂತೆ ಕಾಣುವದು. ೧೯೯೫ರಲ್ಲಿ ಜಪಾನಿನ ವಿಜ್ಞಾನಿಗಳು ಈ ಮೀನನ್ನೇ ಪರೀಕ್ಷಿಸಿ ಒಂದು ಸೋಜಿಗವನ್ನು ಪ್ರಕಟಿಸಿದರು. ಅದೇನಂದರೆ, ಹೆಣ್ಣು ಗಂಡಿನ ಬೀಜದ್ರವವನ್ನು ಬಾಯಿಂದ ನುಂಗುತ್ತದೆ; ಅದು ಜೀರ್ಣವಾಗದೆ ಕರುಳಿನ ಮೂಲಕ ಶೀಘ್ರವಾಗಿ ಹಾದು ಬಂದು, ಹೊಟ್ಟೆಯ ಕೆಳಗಿನ ರೆಕ್ಕೆಗಳನ್ನು ಬೊಗಸೆಯಂತೆ ಮಾಡಿಕೊಂಡು ಹಿಡಿದಿರುವ ತತ್ತಿಗಳನ್ನು ಸೇರುತ್ತದೆ. ಆ ಬೊಗಸೆಯಲ್ಲಿ ಕೆಲವೇ ತತ್ತಿಗಳಿರುವವು. ಹೆಣ್ಣು ಗಾಜಿನ ಅಥವಾ ಅಗಲ ಎಲೆಯ ಒಂದು ಸ್ಥಳವನ್ನು ಬಾಯಿಂದ ಉಜ್ಜಿ ಶುಚಿಮಾಡಿ ಅವುಗಳನ್ನು ಅಲ್ಲಿ ಅಂಟಿಸುತ್ತದೆ. ಅಂಟಿಸಿ ಪುನಃ ಗಂಡಿನ ಬಳಿಗೆ ಬರುತ್ತದೆ. ಹೀಗೆ ಕೆಲವು ತಾಸುಗಳಲ್ಲಿ ನೂರಕ್ಕೂ ಮೇಲ್ಪಟ್ಟು ತತ್ತಿಗಳಾಗುವದುಂಟು.

೭. ತತ್ತಿಯ ರಕ್ಷಣೆ

ಇಲ್ಲಿ ನನ್ನ ತಪ್ಪುಗಳನ್ನು ಹೇಳಿಬಿಡುವದು ಓದುವವರಿಗೆ ಹಿತವಾಗಬಹುದು. ಮೊದಲನೆಯ ಸಾರಿ ತತ್ತಿಗಳನ್ನು ಕಂಡ ಸಂತೋಷದಲ್ಲಿ ಅವುಗಳನ್ನು ಅಲ್ಲಿಯೇ ಬಿಟ್ಟು ಮಲಗಿದೆನು. ಮುಂಜಾನೆ ಒಂದೂ ಉಳಿದಿರಲಿಲ್ಲ. ತಾಯಿತಂದೆಗಳೇ ತಿಂದಿದ್ದವು. ಈ ಮೀನಿಗೆ ತತ್ತಿಯನ್ನು ಅಂಟಿಸುವ ಚಾತುರ್ಯವುಂಟು, ಕಾಯುವ ಬುದ್ಧಿಯಿಲ್ಲ. ಆದದರಿಂದ ತತ್ತಿ ಇಟ್ಟು ಮುಗಿದ ಮೇಲೆ ಒಂದೆರಡು ತಾಸು ಕಳೆದು, ಅವು ಗಟ್ಟಿಯಾದಾಗ, ಬೆರಳಿನಿಂದ ಮೆಲ್ಲಗೆ ಉರುಳಿಸಿ ತೆಗೆದು ಬೇರೆ ಪಾತ್ರೆಗೆ ಸಾಗಿಸಬೇಕು.

ಎರಡನೆಯ ಸಾರಿ ಬೇರೆ ಪಾತ್ರೆಗೆ ಸಾಗಿಸಿದೆನಾದರೂ ಎಲ್ಲವನ್ನೂ ಒಂದೇ ಗುಂಪಾಗಿ ಇಟ್ಟೆನು. ಬೀಜ ಸೇರದ ತತ್ತಿಗಳು ಬೆಳ್ಳಗಾಗಿ ಅವುಗಳ ಮೇಲೆ ಹತ್ತಿಯಂಥ ಬೂಷ್ಟು ಬೆಳೆಯಿತು; ಅದು ಹಬ್ಬಿ ಒಳ್ಳೆಯ ತತ್ತಿಗಳನ್ನೂ ಕೆಡಿಸಿತು. ಇದಕ್ಕೆ ಪರಿಹಾರ ಮೂರು. ಒಂದು, ತತ್ತಿಗಳನ್ನು ಬಿಡಿಬಿಡಿಯಾಗಿ ಇಡುವದು. ಎರಡು, ಬೆಳ್ಳಗಾದದ್ದನ್ನು ಪ್ರತಿದಿನವೂ ಹೀರುನಳಿಕೆಯಿಂದ ತೆಗೆಯುವದು. ಮೂರು, ನೀರು ತಿಳಿನೀಲಿಯಾಗುವಷ್ಟು ಮೆಥಿಲೀನ್ ಬ್ಲೂ ಹನಿಸುವದು. ಪಾತ್ರೆಯಲ್ಲಿ ಗಾಳಿಯ ಗುಳ್ಳೆಗಳು ಮೆಲ್ಲಗೆ ಏಳುತ್ತಿರಬೇಕು, ಬೆಳಕು ಮಂದವಾಗಿರಬೇಕು. ಒಳ್ಳೆಯ ತತ್ತಿಯು ಮೊದಲು ಪಾರದರ್ಶಕವಾಗಿದ್ದು ಬಳಿಕ ಮಸುಕಾಗುವದು. ಭೂತಗನ್ನಡಿಯಿಂದ ನೋಡಿದರೆ ಒಳಗೆ ಮರಿಯು ಮಿಸುಕುವದು ಕಾಣುವದು. ಮೂರರಿಂದ ಐದು ದಿನಗಳಲ್ಲಿ ತತ್ತಿಗಳು ಒಡೆಯುತ್ತವೆ.

೮. ಮರಿಗಳ ಪೋಷಣೆ

ಹುಟ್ಟಿದ ಮರಿಗೆ ಎರಡು ಮೂರು ದಿನ ಹೊಟ್ಟೆಯ ಕೆಳಗಿನ ಭಂಡಾರದ ಚೀಲವೇ ಆಹಾರವು. ಆಗ ಏನನ್ನೂ ಹಾಕಬಾರದು. ಚೀಲ ಕರಗಿದ ಮೇಲೆ ಆರ್ಟೀಮಿಯ ಎಂಬ ಉಪ್ಪುನೀರಿನ ಸಣ್ಣ ಜೀವಿಯ ಆಗತಾನೆ ಒಡೆದ ಮರಿಗಳನ್ನು ಕೊಡಬೇಕು. ಇದರ ಒಣ ತತ್ತಿಗಳು ಡಬ್ಬಿಯಲ್ಲಿ ಸಿಗುತ್ತವೆ. ಉಪ್ಪುನೀರಿನಲ್ಲಿ ಗಾಳಿಯಾಡಿಸಿ ಇಟ್ಟರೆ ಒಂದು ಒಂದೂವರೆ ದಿನದಲ್ಲಿ ಒಡೆಯುತ್ತವೆ. ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಬೇಕು. ಅದು ಸಿಗದಿದ್ದರೆ ಗಂಜಿಯ ಮೇಲೆ ಬೆಳೆಸುವ ಸೂಕ್ಷ್ಮ ಹುಳಗಳು ಒದಗುವವು.

ಮೂರನೆಯ ಸಾರಿ ನಾನು ಬೇಯಿಸಿದ ಕೋಳಿತತ್ತಿಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕಿದೆನು. ಮರಿಗಳು ಹಸಿದಿರಬಾರದೆಂಬ ಮಮತೆಯಿಂದ ಮತ್ತಷ್ಟು ಹಾಕಿದೆನು. ಎರಡು ದಿನಗಳಲ್ಲಿ ಅದು ತಳದಲ್ಲಿ ಕೊಳೆತು ಮರಿಗಳೆಲ್ಲವೂ ಸತ್ತವು. ತಳದಲ್ಲಿಯೇ ಬಾಳುವ ಮರಿಗೆ ತಳದ ಹೊಲಸೇ ಮೃತ್ಯು. ಮಮತೆಯು ಅಳತೆ ತಪ್ಪಿದರೆ ವಿಷವಾಗುವದೆಂಬದನ್ನು ನಾನು ಕಲಿತದ್ದು ಅಂದೇ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು ನಾಲ್ಕು ಸಾರಿ ಹಾಕಿ, ಉಳಿದದ್ದನ್ನು ಸಣ್ಣ ನಳಿಕೆಯಿಂದ ತೆಗೆದು, ಪ್ರತಿದಿನವೂ ಐದನೆಯ ಒಂದು ಪಾಲು ನೀರನ್ನು ಅಷ್ಟೇ ಉಷ್ಣತೆಯ ಹೊಸ ನೀರಿನಿಂದ ಬದಲಿಸಬೇಕು. ನಾಲ್ಕನೆಯ ಸಾರಿ ಹೀಗೆ ಮಾಡಿದೆನು, ಮರಿಗಳು ಉಳಿದವು.

೯. ಎರಡು ತಲೆಮಾರಿನ ಲೆಕ್ಕ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ನಾಲ್ಕನೆಯ ಸಾರಿಯ ತತ್ತಿಗಳಿಗೆ ತಾಯಿ ಬಿಳಿಯ ಮೀನು, ತಂದೆ ಕಂಚಿನ ಮೀನು. ಮರಿಗಳಿಗೆ ಬಣ್ಣ ಬಂದಾಗ ನೋಡಿದರೆ ಎಲ್ಲವೂ ಕಂಚಿನವೇ. ಒಂದೂ ಬಿಳಿಯದಿರಲಿಲ್ಲ. ನಾನು ಹೇಳಿದ ಹುಡುಗಿಯೇ ಅವುಗಳಿಗೆ ದಿನಾಲು ಆಹಾರ ಹಾಕುತ್ತಿದ್ದಳು. ದೂರದ್ದು ಕಾಣದಿದ್ದರೂ ಗಾಜಿಗೆ ಮುಖವಿಟ್ಟು ಸಮೀಪದಿಂದ ಅವಳು ಚೆನ್ನಾಗಿ ಕಾಣಬಲ್ಲವಳಾಗಿದ್ದಳು. "ತಾಯಿಯ ಬಿಳುಪು ಎಲ್ಲಿ ಹೋಯಿತು?" ಎಂದು ಅವಳೇ ಕೇಳಿದಳು. "ಹೋಗಿಲ್ಲ, ಅಡಗಿದೆ, ಕಾದು ನೋಡು" ಎಂದೆನು.

ಒಂದು ವರುಷದ ಮೇಲೆ ಆ ಕಂಚಿನ ಅಣ್ಣತಂಗಿಯರಿಂದಲೇ ತತ್ತಿಗಳಾದವು. ಬೆಳೆದು ಉಳಿದ ೪೭ ಮರಿಗಳಲ್ಲಿ ೩೬ ಕಂಚಿನವು, ೧೧ ಬಿಳಿಯವು. ಎಣಿಸಿದವಳು ಅವಳೇ; ಮೂರು ಸಾರಿ ಎಣಿಸಿದಳು. ತಾಯಿಯೂ ಕಂಚು, ತಂದೆಯೂ ಕಂಚು, ಮರಿ ಮಾತ್ರ ಬಿಳಿ!

ಇದರ ಮರ್ಮವನ್ನು ಬ್ರುನೊ ಪಟ್ಟಣದ ಕ್ರೈಸ್ತ ಮಠದಲ್ಲಿದ್ದ ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿಯು ತನ್ನ ತೋಟದ ಬಟಾಣಿಯ ಗಿಡಗಳಿಂದ ಕಂಡುಹಿಡಿದು ೧೮೬೬ರಲ್ಲಿ ಪ್ರಕಟಿಸಿದನು. ಅವನ ಮಾತಿಗೆ ಲೋಕವು ೧೯೦೦ರ ವರೆಗೆ ಕಿವಿಗೊಡಲಿಲ್ಲ. ಪ್ರತಿಯೊಂದು ಗುಣಕ್ಕೂ ಮರಿಯು ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಅಂಶಗಳನ್ನು ಪಡೆಯುತ್ತದೆ. ಬಣ್ಣದ ಅಂಶ ಒಂದಿದ್ದರೂ ಸಾಕು, ಮೈಗೆ ಬಣ್ಣ ಬರುವದು. ಬಿಳುಪಿನ ಅಂಶವು ಅದರ ಹಿಂದೆ ಮರೆಯಾಗಿರುವದು. ಅಂಥ ಇಬ್ಬರು ಕೂಡಿದಾಗ ನಾಲ್ಕು ಸಂಯೋಗಗಳು ಸಾಧ್ಯ: ಬಣ್ಣ-ಬಣ್ಣ, ಬಣ್ಣ-ಬಿಳುಪು, ಬಿಳುಪು-ಬಣ್ಣ, ಬಿಳುಪು-ಬಿಳುಪು. ಕಡೆಯದು ಮಾತ್ರ ಬಿಳಿಯ ಮರಿ. ನಾಲ್ಕರಲ್ಲಿ ಒಂದು. ೪೭ರ ನಾಲ್ಕನೆಯ ಒಂದು ಪಾಲು ಹನ್ನೆರಡಕ್ಕೆ ತುಸು ಕಡಿಮೆ. ನಮ್ಮ ಲೆಕ್ಕ ಹನ್ನೊಂದು.

ಮನುಷ್ಯರನ್ನು ಮೀನಿಗೆ ಹೋಲಿಸುವದು ಸಲ್ಲದು; ಆದರೆ ನಿಯಮವು ಒಂದೇ. ಮನುಷ್ಯರಲ್ಲಿ ಮೈ, ಕೂದಲು, ಕಣ್ಣು ಮೂರಕ್ಕೂ ಬಣ್ಣವಿಲ್ಲದೆ ಹುಟ್ಟುವ ಮಕ್ಕಳಿಗೂ ಸಾಮಾನ್ಯವಾಗಿ ತಾಯಿತಂದೆಗಳಿಬ್ಬರಿಂದಲೂ ಒಂದೊಂದು ಮರೆಯಾದ ಅಂಶ ಬಂದಿರುತ್ತದೆ. ತಾಯಿಯೊಬ್ಬಳ ತಪ್ಪೆಂಬದು ಲೆಕ್ಕಕ್ಕೇ ಕೂಡದು. ಗರ್ಭಿಣಿಯು ತಿಂದದ್ದರಿಂದಾಗಲಿ, ನೋಡಿದ್ದರಿಂದಾಗಲಿ, ಗ್ರಹಣದಿಂದಾಗಲಿ, ಯಾರದೋ ಪಾಪದಿಂದಾಗಲಿ ಇದು ಆಗುವದಿಲ್ಲ. ಒಂದು ಮಾತನ್ನು ಮಾತ್ರ ಪಾಲಕರು ಗಮನಿಸಬೇಕು. ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹುಡುಗಿಯನ್ನು ಕೊಡುವ ಪದ್ಧತಿ ನಮ್ಮಲ್ಲುಂಟು. ಒಂದೇ ಮನೆತನದ ರಕ್ತದಲ್ಲಿ ಒಂದೇ ಮರೆಯಾದ ಅಂಶವು ಇಬ್ಬರಲ್ಲಿಯೂ ಇರುವ ಸಂಭವವು ಹೆಚ್ಚು. ನನ್ನ ತೊಟ್ಟಿಯಲ್ಲಿ ಅಣ್ಣತಂಗಿಯರನ್ನು ಕೂಡಿಸಿದ್ದರಿಂದಲೇ ಅಡಗಿದ್ದ ಬಿಳುಪು ಹೊರಬಿದ್ದಿತು. ಮದುವೆಯ ಮಾತು ನಡೆಸುವಾಗ ಇದನ್ನು ನೆನೆಯುವದು ವಿವೇಕವು.

ಇಂಥ ಮಗುವಿನ ಬುದ್ಧಿಗೆ ಏನೂ ಕೊರತೆಯಿಲ್ಲ. ಕಣ್ಣಿನ ಬಲ ಕಡಿಮೆ. ಮೊದಲನೆಯ ಸಾಲಿನಲ್ಲಿ ಕುಳ್ಳಿರಿಸಬೇಕು, ದೊಡ್ಡ ಅಕ್ಷರದ ಪುಸ್ತಕ ಕೊಡಬೇಕು, ಕಣ್ಣಿನ ವೈದ್ಯರಿಗೆ ತೋರಿಸಬೇಕು. ತೊಗಲಿಗೆ ಬಿಸಿಲಿನ ರಕ್ಷಣೆಯಿಲ್ಲ. ಕಾಲಾಂತರದಲ್ಲಿ ತೊಗಲಿನ ಕ್ಯಾನ್ಸರ್ ಆಗುವ ಭಯವುಂಟು. ತುಂಬು ತೋಳಿನ ಅಂಗಿ, ಅಗಲ ಟೋಪಿ ಅಥವಾ ತಲೆಯ ಸೆರಗು, ಬಿಸಿಲಿನ ಮುಲಾಮು ಇವು ನಮ್ಮ ಸೀಮೆಯಲ್ಲಿ ಅವಶ್ಯಕವು. ವಿಶ್ವಸಂಸ್ಥೆಯು ಗೊತ್ತುಮಾಡಿದಂತೆ ೨೦೧೫ರಿಂದ ಪ್ರತಿವರುಷ ಜೂನ್ ೧೩ನೆಯ ದಿನವನ್ನು ಇಂಥವರ ವಿಷಯದಲ್ಲಿ ಜನರಿಗೆ ತಿಳಿವಳಿಕೆ ಕೊಡುವದಕ್ಕಾಗಿ ಆಚರಿಸುತ್ತಾರೆ.

೧೦. ಒಂದು ಎಚ್ಚರಿಕೆ

ಮರಿಗಳು ಹೆಚ್ಚಾದವೆಂದು ಅವುಗಳನ್ನು ಕಾಗಿಣಾ ನದಿಗಾಗಲಿ, ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯಕ್ಕಾಗಲಿ, ಊರ ಕೆರೆಬಾವಿಗಳಿಗಾಗಲಿ ಬಿಡಬಾರದು. ಅನ್ಯದೇಶದ ಮೀನುಗಳಿಂದ ಆಗುವ ಹಾನಿಯನ್ನು ನಮ್ಮ ದೇಶವು ಕಂಡಿದೆ. ಆಫ್ರಿಕದ ದೊಡ್ಡ ಮೀಸೆಮೀನನ್ನು ಸಾಕುವದನ್ನು ಭಾರತ ಸರ್ಕಾರವು ೨೦೦೦ದಲ್ಲಿ ನಿಷೇಧಿಸಿತು. ತೊಟ್ಟಿಯ ಗಾಜನ್ನು ನೆಕ್ಕಲೆಂದು ತಂದ ಹೀರುಬಾಯಿಯ ಮೀನುಗಳು ದಕ್ಷಿಣ ಭಾರತದ ಹಲವು ಕೆರೆಗಳನ್ನು ಸೇರಿ ಬೆಸ್ತರ ಬಲೆಗಳನ್ನು ಹರಿಯುತ್ತಿವೆ. ಹೆಚ್ಚಾದ ಮರಿಗಳನ್ನು ನೆರೆಹೊರೆಯವರಿಗೆ, ಶಾಲೆಗಳಿಗೆ ಕೊಡಬೇಕು. ಕೊಡುವಾಗ ಈ ಪಾಠವನ್ನೂ ಕೂಡಿಸಿ ಕೊಡಬೇಕು.

ಮೀನನ್ನು ಸಾಕಿ ನೋಡುವದು ಈ ನಾಡಿಗೆ ಹೊಸದಲ್ಲ. ನಮ್ಮ ನೆರೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಭಾಗವಿದ್ದು, ಮೀನುಗಳ ಜಾತಿಗಳೂ ಅವುಗಳಿಗೆ ಹಾಕುವ ಆಹಾರವೂ ಅಲ್ಲಿ ಹೇಳಲ್ಪಟ್ಟಿವೆ. ಅರಸನಿಗೆ ಅದು ಗಾಳದ ವಿನೋದಕ್ಕಾಗಿ ಬೇಕಾಗಿತ್ತು. ನಮಗೆ ಬೇಕಾದದ್ದು ಬೇರೆ.

ಹತ್ತನೆಯ ಇಯತ್ತೆಯ ಕೊನೆಗೆ ಆ ಹುಡುಗಿಯ ತಾಯಿಯು ಪುನಃ ಶಾಲೆಗೆ ಬಂದಳು. ಮಗಳೇ ಅವಳ ಕೈಹಿಡಿದು ತೊಟ್ಟಿಯ ಬಳಿಗೆ ಕರೆದುಕೊಂಡು ಹೋಗಿ, ಕಂಚಿನ ಎರಡು ಮೀನುಗಳನ್ನೂ ಅವುಗಳ ಬಿಳಿಯ ಮರಿಗಳನ್ನೂ ತೋರಿಸಿ, ನಾಲ್ಕು ಸಂಯೋಗಗಳ ಲೆಕ್ಕವನ್ನು ತಾನೇ ಹೇಳಿಕೊಟ್ಟಳು. ನಾನು ನಡುವೆ ಬಾಯಿಹಾಕಲಿಲ್ಲ. ತಾಯಿಯು ಬಹಳ ಹೊತ್ತು ನೋಡುತ್ತ ನಿಂತಿದ್ದು, ಕೊನೆಗೆ, "ಹಂಗಾದ್ರ ಇವರಪ್ಪಂದೂ ಅರ್ಧ ಅದ," ಎಂದಳು. ಎಂದು ಸೆರಗಿನಿಂದ ಕಣ್ಣೊರಸಿಕೊಂಡು ನಕ್ಕುಬಿಟ್ಟಳು. ಹೋಗುವಾಗ ಮಗಳು ಡಬ್ಬಿಯಲ್ಲಿ ಆರು ಮರಿಗಳನ್ನು ಒಯ್ದಳು: ಮೂರು ಕಂಚಿನವು, ಮೂರು ಬಿಳಿಯವು. ಒಂದೇ ತಾಯಿಯ ಮಕ್ಕಳು. ಒಂದೇ ಮರಳಿನಲ್ಲಿ ಕೂಡಿ ಮೇಯತಕ್ಕವು.